ಯಾವ ‘ನಾವು’? ಓಕ್ಲೆಂಡ್‌ನ ಬೇಸ್‌ಬಾಲ್ ಲೇಖನ ಕಳಿಸಿದವರಿಗೆ

ಫ್ರೀಮಾಂಟ್‌ನ ಮಿತ್ರರೇ,

ನಿಮ್ಮ ‘ಹಸಿರು ಅಂಗಿಯ ಕೊನೆಯ ಮಧ್ಯಾಹ್ನ’ ಕೈಸೇರಿತು. 2024ರ ಸೆಪ್ಟೆಂಬರ್ 26ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ ಆಡಿದ ಕಡೆಯ ಪಂದ್ಯ, ಊರೊಂದು ತನ್ನ ತಂಡವನ್ನು ಕಳೆದುಕೊಂಡ ದಿನ, ಅದರ ಮೇಲೆ 2,200 ಪದ. ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಎಷ್ಟು ಮಂದಿ? ನೀವು ಬರೆದಿರಿ, ಸಂತೋಷ. ಬಾರ್ಟ್ ರೈಲಿಳಿದು ಮೇಲ್ಸೇತುವೆ ದಾಟುವಾಗ ಹಾಟ್ ಡಾಗ್ ಗಾಡಿಯಿಂದ ಬರುವ ಈರುಳ್ಳಿ ವಾಸನೆ ಚೆನ್ನಾಗಿ ಮೂಡಿದೆ. ಕಾಗುಣಿತದ ತಪ್ಪಿಲ್ಲ. ಹೊಗಳಿಕೆ ಇಲ್ಲಿಗೆ ಸಾಕು.

ಈಗಿರುವಂತೆ ಇದನ್ನು ಹಾಕಿಕೊಳ್ಳಲಾರೆ. ‘ವಿಷಾದವಿದೆ’ ಎಂದು ಎರಡು ಸಾಲು ಗೀಚಿ ಮುಗಿಸಬಹುದಿತ್ತು. ಆದರೆ ಲೇಖನ ನನ್ನನ್ನು ಎರಡು ದಿನ ಬಿಡಲಿಲ್ಲ, ಸಿಟ್ಟನ್ನೂ ತರಿಸಿತು. ಸಿಟ್ಟು ಬಂದಿದ್ದು ಒಂದೇ ಒಂದು ಪದದ ಮೇಲೆ: ‘ನಾವು’.

ಪೆನ್ಸಿಲ್ ಹಿಡಿದು ಎಣಿಸಿದೆ. ‘ನಾವು’, ‘ನಮ್ಮ’, ‘ನಮಗೆ’, ‘ನಮ್ಮಿಂದ’ ಎಲ್ಲ ಸೇರಿ 61 ಸಲ. ಎಣಿಕೆ ಹೆಚ್ಚಾಯಿತೆಂದು ನನ್ನ ತಕರಾರಲ್ಲ. ಅಭಿಮಾನಿ ಬರೆಯುವಾಗ ‘ನಾವು’ ಬರದೆ ಇನ್ನೇನು ಬರುತ್ತದೆ? ತಕರಾರಿರುವುದು, ಈ 61ರೊಳಗೆ ನಾಲ್ಕು ಬೇರೆ ಬೇರೆ ಗುಂಪುಗಳು ಕೂತಿವೆ ಮತ್ತು ಯಾವ ಸಾಲಿನಲ್ಲಿ ಯಾವುದು ಕೂತಿದೆಯೆಂದು ನೀವು ನೋಡಿಕೊಂಡಿಲ್ಲ ಎಂಬುದಕ್ಕೆ. ಸಾಲು ಹಿಡಿದೇ ಹೇಳುತ್ತೇನೆ.

“ನಾವು ಒಂಬತ್ತು ಸಲ ವರ್ಲ್ಡ್ ಸೀರೀಸ್ ಗೆದ್ದವರು.”

ವರ್ಲ್ಡ್ ಸೀರೀಸ್ ಎಂದರೆ ಅಮೆರಿಕದ ಬೇಸ್‌ಬಾಲ್‌ನ ವರ್ಷದ ಅಂತಿಮ ಸರಣಿ. ಒಂಬತ್ತು ಸರಿ. ಆದರೆ ಅದರಲ್ಲಿ ಐದು (1910, 1911, 1913, 1929, 1930) ಫಿಲಡೆಲ್ಫಿಯಾದಲ್ಲಿದ್ದಾಗ ಗೆದ್ದವು. ಓಕ್ಲೆಂಡ್‌ಗೆ ಬಂದದ್ದು ನಾಲ್ಕು: 1972, 73, 74ರಲ್ಲಿ ಬೆನ್ನುಬೆನ್ನಿಗೆ ಮೂರು, ಆಮೇಲೆ 1989. ಈ ತಂಡ 1901ರಿಂದ 1954ರವರೆಗೆ ಫಿಲಡೆಲ್ಫಿಯಾದಲ್ಲಿತ್ತು, 1955ರಿಂದ 1967ರವರೆಗೆ ಕ್ಯಾನ್ಸಸ್ ಸಿಟಿಯಲ್ಲಿ, 1968ರಲ್ಲಿ ಓಕ್ಲೆಂಡ್‌ಗೆ ಬಂತು. ಒಂಬತ್ತೆಂದು ಎಣಿಸಿದ ಗಳಿಗೆಯಲ್ಲೇ ನಿಮ್ಮ ‘ನಾವು’ ಊರನ್ನು ಬಿಟ್ಟು ತಂಡ ನಡೆಸುವ ಕಂಪನಿಯ ಪಾಲಾಯಿತು. ಕಂಪನಿಯೇ ‘ನಾವು’ ಆದರೆ ಯಾರೂ ಏನನ್ನೂ ಕಳೆದುಕೊಂಡಿಲ್ಲವಲ್ಲ! ಅದು 2025ರಿಂದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡುತ್ತಿದೆ, ಮುಂದೆ ಲಾಸ್ ವೇಗಸ್‌ಗೆ ಹೋಗಲಿದೆ, ಒಂಬತ್ತೂ ಕಪ್ ಅದರ ಲೆಕ್ಕದಲ್ಲೇ ಇವೆ. ಒಂಬತ್ತನ್ನು ಇಟ್ಟುಕೊಂಡು ಓಕ್ಲೆಂಡ್‌ಗಾಗಿ ಅಳಲು ಬರುವುದಿಲ್ಲ. ಅಳುವುದಾದರೆ ನಾಲ್ಕಕ್ಕೆ ಇಳಿಯಿರಿ.

“ನಮ್ಮ ತಂಡವನ್ನು ನಮ್ಮಿಂದ ಕಿತ್ತುಕೊಂಡರು.”

ಒಂದೇ ವಾಕ್ಯದಲ್ಲಿ ಎರಡು ‘ನಮ್ಮ’. ಕ್ಯಾನ್ಸಸ್ ಸಿಟಿಯ ಪ್ರೇಕ್ಷಕರು ಹದಿಮೂರು ವರ್ಷ ಈ ತಂಡವನ್ನು ಸಾಕಿದರು. ಹದಿಮೂರರಲ್ಲಿ ಒಂದು ವರ್ಷವೂ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ. ಓಕ್ಲೆಂಡ್‌ಗೆ ಬಂದ ಐದನೇ ವರ್ಷಕ್ಕೆ ಅದೇ ತಂಡ ಚಾಂಪಿಯನ್ ಆಯಿತು. 1967ರಲ್ಲಿ ಅವರು ಹೇಳಬಹುದಾಗಿದ್ದ ಮಾತನ್ನು ನೀವು 2024ರಲ್ಲಿ ಹೇಳುತ್ತಿದ್ದೀರಿ. ಅಂದು ತಂಡವನ್ನು ಬರಮಾಡಿಕೊಂಡದ್ದು ನೀವು ಅಳುತ್ತಿರುವ ಓಕ್ಲೆಂಡೇ. ಇದನ್ನು ಬರೆದರೆ ನೋವು ಕಡಿಮೆಯಾದೀತೆಂದು ಹೆದರಬೇಡಿ. ಓದುಗ ಇದನ್ನು ಹೇಗೂ ಹುಡುಕಿ ತೆಗೆಯುತ್ತಾನೆ, ಆಗ ಲೇಖಕ ಮುಚ್ಚಿಟ್ಟ ಎನ್ನುತ್ತಾನೆ. ಒಂದು ವಾಕ್ಯ ಸಾಕು, ಆದರೆ ಇರಲೇಬೇಕು. ಓಕ್ಲೆಂಡ್‌ಗೆ ಹತ್ತಿರದ ಫ್ರೀಮಾಂಟ್‌ನಲ್ಲಿ ಕೂತು ಬರೆಯುವ ನಿಮಗೆ ಇನ್ನೊಂದೂ ಹೊಳೆಯಬೇಕಿತ್ತು: 2006ರಲ್ಲಿ ಈ ತಂಡ ಬರಲು ಹೊರಟಿದ್ದೇ ನಿಮ್ಮೂರಿಗೆ. ಸಿಸ್ಕೊ ಕಂಪನಿಯ ಹೆಸರಿನ ಕ್ರೀಡಾಂಗಣದ ಯೋಜನೆಯೂ ಆಗಿತ್ತು, 2009ರ ಫೆಬ್ರವರಿಯಲ್ಲಿ ಕೈಬಿಟ್ಟರು. ಅದು ನಡೆದಿದ್ದರೆ ‘ಕಿತ್ತುಕೊಂಡವರು’ ನಿಮ್ಮ ಬೀದಿಯವರೇ ಆಗುತ್ತಿದ್ದರು. ನಿಮ್ಮ ಲೇಖನದಲ್ಲಿ ಇದರ ಸುಳಿವಿಲ್ಲ.

ಈಗ ನನ್ನನ್ನು ನಿಜಕ್ಕೂ ಕೆರಳಿಸಿದ ಜೋಡಿ. ಎರಡನೇ ಪುಟ: “1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು ನಾಲ್ಕಕ್ಕೆ ನಾಲ್ಕರಲ್ಲೂ ಬಗ್ಗುಬಡಿದೆವು.” ಐದನೇ ಪುಟ: “2023ರಲ್ಲಿ ಬರೋಬ್ಬರಿ 112 ಪಂದ್ಯ ಸೋತರು.”

‘ನಾವು’ ಎಂಬ ಪದ ಎರಡರಲ್ಲೂ ಇಲ್ಲ, ಆದ್ದರಿಂದ ನಿಮ್ಮ ಕಣ್ಣಿಗೂ ಬಿದ್ದಿಲ್ಲ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ. ಬಡಿದೆವು; ಸೋತರು. ನೀವು ಹುಟ್ಟುವ ಮೊದಲಿನ ಗೆಲುವಿಗೆ ‘-ಎವು’, ನೀವೇ ಟಿಕೆಟ್ ಕೊಂಡು ಕೂತು ನೋಡಿದ ಸೋಲಿಗೆ ‘-ಅರು’. ಅಭಿಮಾನಿಗಳ ಈ ಚಾಳಿಯನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲೇ ಹಿಡಿದು ತೋರಿಸಿದ್ದಾರೆ. ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡ ಗೆದ್ದ ಮರುವಾರ ತರಗತಿಯಲ್ಲಿ ಆ ಸಂಸ್ಥೆಯ ಹೆಸರಿನ ಅಂಗಿಗಳು ಹೆಚ್ಚುತ್ತಿದ್ದವು. ಪಂದ್ಯ ಏನಾಯಿತೆಂದು ವಿದ್ಯಾರ್ಥಿಗಳನ್ನು ಕೇಳಿದರೆ ಗೆದ್ದಾಗ ‘ನಾವು’, ಸೋತಾಗ ‘ಅವರು’ ಎನ್ನುವ ಒಲವು ಕಂಡಿತು. ಚಾಳಿ ಸಹಜ. ಪಾತ್ರದ ಬಾಯಲ್ಲಿ ಬಂದರೆ ರುಚಿಯೂ ಹೌದು. ಬರೆಯುವವನೇ ಅರಿವಿಲ್ಲದೆ ಅದಕ್ಕೆ ಬಿದ್ದರೆ ಅವನ ದುಃಖದ ಮೇಲೆ ನಂಬಿಕೆ ಹೋಗುತ್ತದೆ. ಏಕೆಂದರೆ ನೀವು ಹೇಳಹೊರಟಿದ್ದು ಸೋತ ತಂಡದ ಜೊತೆ ನಿಂತವರ ಕಥೆ. 50 ಗೆಲುವು, 112 ಸೋಲು: ಆ ವರ್ಷವೇ ‘ಸೋತೆವು’ ಎಂದು ಬರೆಯುವ ಹಕ್ಕು ನಿಮಗೆ ಬಂದದ್ದು. ಅದನ್ನೇ ಬಿಟ್ಟುಕೊಟ್ಟಿರಿ.

ಅಂದ ಹಾಗೆ, 1989ರ ಗೆಲುವನ್ನು ಭೂಕಂಪವಿಲ್ಲದೆ ಹೇಳಿದ್ದೀರಿ. ಮೂರನೇ ಪಂದ್ಯ ಶುರುವಾಗುವ ಹೊತ್ತಿಗೆ, ಅಕ್ಟೋಬರ್ 17ರಂದು, ನೆಲ ನಡುಗಿತು. ಓಕ್ಲೆಂಡ್‌ನ ಸೈಪ್ರೆಸ್ ಮೇಲುರಸ್ತೆ ಕುಸಿದು 42 ಜನ ಸತ್ತರು, ಸರಣಿ ಹತ್ತು ದಿನ ನಿಂತಿತು. ‘ಬಗ್ಗುಬಡಿದೆವು’ ಅನ್ನುವ ಕ್ರಿಯಾಪದ ಆ ತಿಂಗಳಿಗೆ ಒಗ್ಗುವುದಿಲ್ಲ.

ಕನ್ನಡಕ್ಕೇ ಅಂಟಿದ ತೊಡಕೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ಮನಂ’, ಅವನನ್ನು ಬಿಟ್ಟರೆ ‘ಮೇಮು’. ತಮಿಳಿನಲ್ಲಿ ‘ನಾಮ್’, ‘ನಾಂಗಳ್’. ತುಳುವಿನಲ್ಲಿ ‘ನಮ’, ‘ಎಂಕುಳು’. ಇವತ್ತಿನ ಕನ್ನಡಕ್ಕೆ ಎರಡಕ್ಕೂ ಒಂದೇ ‘ನಾವು’. ಧಾರವಾಡದಲ್ಲಿ ಕೂತ ಓದುಗ “ನಾವು ಎದ್ದು ನಿಂತೆವು” ಎಂದು ಓದಿದಾಗ ತಾನೂ ಎದ್ದನೋ, ಹೊರಗೆ ನಿಂತು ನೋಡುತ್ತಿದ್ದಾನೋ ತಿಳಿಯುವುದಿಲ್ಲ. ವ್ಯಾಕರಣ ಮಾಡದ ಕೆಲಸವನ್ನು ವಾಕ್ಯ ಮಾಡಬೇಕು: ಬಲಭಾಗದ ಬೆಂಚುಗಳಲ್ಲಿದ್ದ ನಾವು, ಡ್ರಮ್ ಬಾರಿಸುವವರ ಹಿಂದಿದ್ದ ನಾವು, ಆ ವರ್ಷವಷ್ಟೇ ಸೇರಿದ ನಾವು. ಎರಡು ಪದ ಹೆಚ್ಚಾದರೆ ಆಗಲಿ.

ಕೆಲಸದ ವಿಧಾನ ಇದು. ಕ್ರೀಡಾಪುಟದ ಮೇಜಿನಲ್ಲಿ ನಾವು ಪಳಗುವಾಗ ಹಿರಿಯರು ಕಲಿಸಿದ್ದು, ಇಂದಿಗೂ ಮಾಡುತ್ತೇನೆ. (ಈ ‘ನಾವು’ ಯಾರು ಎಂದು ಕೇಳಿ, ತಪ್ಪಿಲ್ಲ: ರಾತ್ರಿ ಪಾಳಿಯ ಮೂವರು ಟ್ರೈನಿಗಳು.) ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಕೊಳ್ಳಿ, ಪರದೆಯ ಮೇಲೆ ಇದು ಆಗುವುದಿಲ್ಲ. ಮೊದಲ ಓದಿನಲ್ಲಿ ಸರ್ವನಾಮಗಳಿಗೆ ಮಾತ್ರ ಸುತ್ತು ಹಾಕಿ. ಎರಡನೇ ಓದಿನಲ್ಲಿ ಕ್ರಿಯಾಪದದ ಬಾಲಗಳಿಗೆ. ಆಮೇಲೆ ಪ್ರತಿ ಸುತ್ತಿನ ಪಕ್ಕ ‘ಯಾರು?’ ಎಂಬುದಕ್ಕೆ ಉತ್ತರ ಬರೆಯಿರಿ: ಆಟಗಾರರು, ಊರು, ಅಂದು ಅಲ್ಲಿ ಕೂತವರು, ಅಥವಾ ನಿಮ್ಮ ಮನೆಯವರು. ಒಂದೇ ಪ್ಯಾರಾದಲ್ಲಿ ಉತ್ತರ ಎರಡು ಸಲ ಬದಲಾದರೆ ಪ್ಯಾರಾ ಒಡೆಯಿರಿ. ಉತ್ತರವೇ ಹೊಳೆಯದಿದ್ದರೆ ವಾಕ್ಯ ತೆಗೆಯಿರಿ. ನನ್ನ ಅಂದಾಜಿಗೆ 61ರಲ್ಲಿ 25 ಉಳಿದಾವು.

ಉಳಿಯುವುದರಲ್ಲಿ ಗಟ್ಟಿಯಾದದ್ದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: “ಪ್ರತಿಭಟನೆಯಲ್ಲೂ ನಾವು ಭಾಗವಹಿಸಿದ್ದೆವು.” ಇದೆಂಥ ಸರ್ಕಾರಿ ಪ್ರಕಟಣೆಯ ಧಾಟಿ! 2023ರ ಜೂನ್ 13, ಮಂಗಳವಾರ. ಜನ ಬರುವುದಿಲ್ಲ, ಅದಕ್ಕೇ ಊರು ಬಿಡುತ್ತೇವೆ ಎಂಬ ವಾದಕ್ಕೆ ಅಭಿಮಾನಿಗಳು ಕೊಟ್ಟ ಉತ್ತರ ಬಹಿಷ್ಕಾರದ ತಿರುಗುಮುರುಗು: ವಾರದ ನಡುವೆ ಬೇಕೆಂದೇ ಬಂದು ತುಂಬುವುದು. 27,759 ಜನ ಬಂದರು. ಹಸಿರು ಅಂಗಿಯ ಎದೆಯ ಮೇಲೆ ಒಂದೇ ಪದ, ‘ಸೆಲ್’; ಮಾಲೀಕ ಜಾನ್ ಫಿಷರ್ ತಂಡವನ್ನು ಮಾರಿ ಹೋಗಲಿ ಎಂದು. ಐದನೇ ಇನಿಂಗ್‌ನ ಮೊದಲ ಬ್ಯಾಟರ್ ಆಡುವಷ್ಟು ಹೊತ್ತು ಎದ್ದುನಿಂತು ಮೌನ, ಆಮೇಲೆ ಕೂಗು. ಟ್ಯಾಂಪಾ ಬೇ ವಿರುದ್ಧ 2–1ರಿಂದ ಗೆದ್ದರು ಕೂಡ. ಅದೇ ದಿನ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಸೆನೆಟ್ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್ ಸಾರ್ವಜನಿಕ ಹಣದ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇಡೀ ಲೇಖನದಲ್ಲಿ ‘ನಾವು’ ಯಾರೆಂದು ವಿವರಿಸಬೇಕಿಲ್ಲದ ಜಾಗ ಇದೊಂದೇ, ಏಕೆಂದರೆ ಇಲ್ಲಿ ಆ ‘ನಾವು’ ಕೂಡಿ ಒಂದು ಕೆಲಸ ಮಾಡಿದೆ. ಇದಕ್ಕೆ 400 ಪದ ಕೊಡಿ. ಮೌನ ಎಷ್ಟು ಹೊತ್ತಿತ್ತು, ಮೊದಲು ಯಾರು ಕೂತರು, ಡ್ರಮ್‌ನವರು ಕೋಲನ್ನು ಎಲ್ಲಿ ಹಿಡಿದಿದ್ದರು, ನೀವು ಕಂಡಿದ್ದೀರಿ, ನಾನು ಕಂಡಿಲ್ಲ.

ಎರಡನೇ ತಪ್ಪು ಕ್ರಿಕೆಟ್. ಇದನ್ನು ಬೇಗ ಮುಗಿಸುತ್ತೇನೆ.

“ಕೊನೆಯ ಓವರ್‌ನಲ್ಲಿ ಬೌಲರ್ ಮಿಲ್ಲರ್ ಎದುರಾಳಿಯನ್ನು ಕಟ್ಟಿಹಾಕಿ, ಓಕ್ಲೆಂಡ್ 3 ರನ್‌ಗಳಿಂದ ಗೆದ್ದಿತು.” ಬೇಸ್‌ಬಾಲ್‌ನಲ್ಲಿ ಓವರ್ ಇಲ್ಲ. ಇನಿಂಗ್ ಇದೆ, ಒಂಬತ್ತು. ಪ್ರತಿಯೊಂದರಲ್ಲೂ ಎರಡೂ ತಂಡಕ್ಕೆ ಮೂರು ಮೂರು ಔಟ್. ಎಸೆಯುವವನು ಪಿಚರ್. ಗೆಲುವು 3–2, ಅಂದರೆ ಒಂದು ರನ್ನಿನಿಂದ. “ಸಿಕ್ಸರ್” ಎಂದು ಎರಡು ಕಡೆ ಬರೆದಿದ್ದೀರಿ. ಸಿಕ್ಸರ್‌ಗೆ ಯಾವಾಗಲೂ ಆರು. ಹೋಮ್ ರನ್‌ಗೆ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಒಂದರಿಂದ ನಾಲ್ಕು, ಬೇಸ್‌ಗಳ (ಓಡುವವರು ನಿಲ್ಲುವ ಮೂರು ಠಾಣೆಗಳ) ಮೇಲೆ ಎಷ್ಟು ಜನ ಕಾಯುತ್ತಿದ್ದಾರೆ ಎಂಬುದರ ಮೇಲೆ. ಓದುಗನಿಗೆ ಸುಲಭವಾಗಲೆಂದು ಮಾಡಿದ್ದೀರಿ, ಗೊತ್ತು. ಆದರೆ ಪರಕೀಯ ಆಟವೊಂದು ಹೇಗೆ ತನ್ನದಾಯಿತು ಎಂಬುದೇ ನಿಮ್ಮ ವಿಷಯ. ಪರಕೀಯತೆಯನ್ನು ಮೊದಲ ಪುಟದಲ್ಲೇ ಅಳಿಸಿಬಿಟ್ಟರೆ ತನ್ನದಾಗಿಸಿಕೊಳ್ಳಲು ಏನು ಉಳಿಯಿತು? ಪಿಚರ್, ಇನಿಂಗ್, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವವನು) ಎಂದೇ ಬರೆಯಿರಿ, ಮೊದಲ ಸಲ ಬಂದಾಗ ಅರ್ಧ ವಾಕ್ಯದಲ್ಲಿ ಬಿಡಿಸಿ ಹೇಳಿ, ಮತ್ತೆ ವಿವರಿಸಬೇಡಿ.

ನಿಮ್ಮ ಪಕ್ಕದ ಸೀಟಿನ ಅಜ್ಜಿ ಸ್ಕೋರ್‌ಕಾರ್ಡ್ ತುಂಬುತ್ತಿದ್ದರು ಎಂದು ಬರೆದು ಮುಂದೆ ಓಡಿದ್ದೀರಿ. ಅಲ್ಲೇ ನಿಲ್ಲಿ. ಆ ಲಿಪಿಯಲ್ಲಿ ಪಿಚರ್ 1, ಕ್ಯಾಚರ್ 2, ಮೊದಲ ಮೂರು ಬೇಸ್‌ನವರು 3, 4, 5, ಶಾರ್ಟ್‌ಸ್ಟಾಪ್ 6, ಹೊರಮೈದಾನದವರು ಎಡದಿಂದ ಬಲಕ್ಕೆ 7, 8, 9. ಬ್ಯಾಟ್ ಬೀಸಿಯೂ ಚೆಂಡು ತಾಗದೆ ಔಟಾದರೆ ‘ಕೆ’ ಅಕ್ಷರ, ಸುಮ್ಮನೆ ನೋಡುತ್ತ ನಿಂತು ಔಟಾದರೆ ಅದೇ ಅಕ್ಷರ ತಿರುಗುಮುರುಗಾಗಿ. ಆ ಮಧ್ಯಾಹ್ನದ ಕೊನೆಯ ಔಟ್ 5-3: ನೆಲದ ಮೇಲೆ ಉರುಳಿ ಬಂದ ಚೆಂಡನ್ನು ಮೂರನೇ ಬೇಸ್‌ನವನು ಹಿಡಿದು ಮೊದಲ ಬೇಸ್‌ಗೆ ಎಸೆದ. ಐವತ್ತೇಳು ವರ್ಷದ ಕೊಲಿಸಿಯಂ ಆಟ ಆ ಅಜ್ಜಿಯ ಪೆನ್ಸಿಲ್‌ನಲ್ಲಿ ಎರಡು ಅಂಕಿ, ಒಂದು ಗೆರೆ. ನಿಮ್ಮ “ನಲವತ್ತಾರು ಸಾವಿರ ಕಂಗಳ ಕಣ್ಣೀರ ಕಡಲು” ಇದರ ಮುಂದೆ ಏನು? (46,889 ಪ್ರೇಕ್ಷಕರು, ಕಂಗಳನ್ನು ಎಣಿಸುವುದಾದರೆ ದುಪ್ಪಟ್ಟು ಮಾಡಿ.)

“ಈ ಸಲ ಕಪ್ ನಮ್ದೇ” ಎಂದು ಶುರುವಾಗುವ ಮೂರು ಪ್ಯಾರಾ ತೆಗೆದುಬಿಡಿ. ಐಪಿಎಲ್ ತಂಡಕ್ಕೆ ಲೀಗ್ ಹಂತದಲ್ಲಿ 14 ಪಂದ್ಯ. ಇವರಿಗೆ ವರ್ಷಕ್ಕೆ 162, ತವರಿನಲ್ಲೇ 81, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ. ಒಂದು ಜಾತ್ರೆ, ಇನ್ನೊಂದು ದಿನದ ಅಡುಗೆ. ಆ ‘ನಮ್ದೇ’ಯ ದೀರ್ಘ ಏಕಾರ ಬೇಕಾದರೆ ಎಲ್ಲಾದರೂ ಒಂದು ಸಾಲಿನಲ್ಲಿ ಇಟ್ಟುಕೊಳ್ಳಿ. “ಅಮೆರಿಕದಲ್ಲಿ ಬೇಸ್‌ಬಾಲ್ ಒಂದು ಧರ್ಮ” ಎಂಬುದಕ್ಕೆ ಮಾತ್ರ ಎಲ್ಲಿಯೂ ಜಾಗವಿಲ್ಲ. ‘ಫ್ಯಾನ್’ ಎಂದು ಉದ್ದಕ್ಕೂ ಬರೆದಿರಿ, ಅದೂ ಏಕೋ ತಿಳಿಯದು. ದೇಹಾಭಿಮಾನ, ಭಾಷಾಭಿಮಾನ ಎನ್ನುವಲ್ಲಿನ ‘ಅಭಿಮಾನ’ದಲ್ಲಿ ‘ಇದು ನನ್ನದು’ ಎಂಬುದು ಮೊದಲೇ ಇದೆ. ನಿಮ್ಮ ವಿಷಯವನ್ನೇ ಹೊತ್ತ ಪದ ಕೈಯಲ್ಲಿದ್ದೂ ಬಳಸಲಿಲ್ಲ.

ಸಣ್ಣದೊಂದು: “ಓಕ್ಲೆಂಡ್ ಹೆಸರಿನ ಕಡೆಯ ಪಂದ್ಯ” ತಪ್ಪು. ಅದು ತವರಿನ ಕಡೆಯದು. ಮುಂದೆ ಸಿಯಾಟಲ್‌ನಲ್ಲಿ ಮೂರು ಪಂದ್ಯ ಬಾಕಿ ಇದ್ದವು. ಈಗ ತಂಡದ ಹೆಸರಿನ ಹಿಂದೆ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್.

ಇನ್ನುಳಿದದ್ದು ಒಂದು ವಾಕ್ಯ. “ಮೈದಾನದ ಸಿಬ್ಬಂದಿ ಕೊಟ್ಟ ಕೆಂಪು ಮಣ್ಣನ್ನು ಯಾರೋ ಒಬ್ಬರು ಖಾಲಿ ಮೊಸರಿನ ಡಬ್ಬಿಯಲ್ಲಿ ತುಂಬಿಸಿಕೊಂಡರು, 32 ಔನ್ಸ್ ಡಬ್ಬಿ, ಮುಚ್ಚಳ ಒಂದು ಕಡೆ ಸೀಳಿತ್ತು, ರೈಲಿನಲ್ಲಿ ತೊಡೆಯ ಮೇಲೆ ಉದುರಿತು.” 61 ಸಲ ‘ನಾವು’ ಎಂದವರು ಇಲ್ಲಿ ‘ಯಾರೋ ಒಬ್ಬರು’ ಎಂದಿದ್ದೀರಿ. ಯಾರದೋ ಡಬ್ಬಿಯ ಮುಚ್ಚಳ ಎಲ್ಲಿ ಸೀಳಿತ್ತೆಂದು ನಿಮಗೆ ಹೇಗೆ ಗೊತ್ತು? ಮಣ್ಣು ಯಾರ ತೊಡೆಯ ಮೇಲೆ ಉದುರಿತು?

ಮನೆಯಿಂದ ಹೊರಡುವಾಗಲೇ ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡಿದ್ದರೆ ಲೇಖನ ಅಲ್ಲಿಂದ ಶುರುವಾಗಲಿ, ಅಡುಗೆಮನೆಯಿಂದ, ಏಕವಚನದಲ್ಲಿ. 1,500 ಪದ ಮೀರಬೇಡಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.

ನಿಮ್ಮ,
ಸಂಪಾದಕ