ರಿಸರ್ಚ್ ಮೆಥಡಾಲಜಿಯಲ್ಲಿ ಎಪಿಸ್ಟೆಮಾಲಜಿ ಯಾಕೆ ಓದಬೇಕು? ನೇರವಾಗಿ ಸರ್ವೆ ಮಾಡೋಕೆ ಕಲಿತರೆ ಸಾಲದಾ?

ನೀವು ಸಮಾಜಶಾಸ್ತ್ರ ಎಂ.ಎ. ಮೊದಲ ಸೆಮಿಸ್ಟರ್ ಎಂದು ಬರೆದಿದ್ದೀರಿ. ಮೊದಲ ಯೂನಿಟ್ಟೇ ಆಂಟಾಲಜಿ, ಎಪಿಸ್ಟೆಮಾಲಜಿ, ಪಾಸಿಟಿವಿಸಂ, ಒಂದೂ ತಲೆಗೆ ಹತ್ತುತ್ತಿಲ್ಲ, ಪ್ರಶ್ನಾವಳಿ ಮಾಡೋದು ಕಲಿಸಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಾಲದು. ಆದರೆ ತಲೆಗೆ ಹತ್ತದಿರುವುದು ನಿಮ್ಮ ತಪ್ಪಲ್ಲ. ನಾನು ಈ ಪೇಪರ್ ಪಾಠ ಮಾಡುತ್ತೇನೆ. ವ್ಯಾಖ್ಯಾನಗಳಿಂದ ಶುರು ಮಾಡಿದರೆ ಯಾರಿಗೂ ಹತ್ತುವುದಿಲ್ಲ. ನಾನು ಮಂಗನ ಕಾಯಿಲೆಯಿಂದ ಶುರು ಮಾಡುತ್ತೇನೆ.

1957ನೇ ಇಸವಿ. ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಮಂಗಗಳು ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆನೋವು, ಕೆಲವರಿಗೆ ರಕ್ತಸ್ರಾವ. ಎರಡೂ ಒಟ್ಟಿಗೆ ಆಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಮಂಗಗಳಿಂದ ಜನರಿಗೆ ಬಂತಾ, ಅಥವಾ ಎರಡಕ್ಕೂ ಕಾರಣ ಮೂರನೆಯದೊಂದು ಇದೆಯಾ? ಇದು ಎಷ್ಟು ಹೊತ್ತು ದಿಟ್ಟಿಸಿ ನೋಡಿದರೂ ಕಾಣುವಂಥದ್ದಲ್ಲ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಮೊದಲ ಅನುಮಾನ ಹಳದಿ ಜ್ವರದ ಮೇಲೆ. ಅದು ಸುಮ್ನೆ ಬಂದ ಅನುಮಾನವಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೇ ಸಾಯುತ್ತವೆ, ಭಾರತಕ್ಕೆ ಆ ರೋಗ ಬಂದಿರಲಿಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಇಲ್ಲಿ ಬೇಕಾದಷ್ಟಿತ್ತು, ಹಾಗಾಗಿ ಹೆದರಿಕೆಯೂ ಇತ್ತು. ಆದರೆ ಅನುಮಾನವನ್ನೇ ನಂಬಿ ಅವರು ಸೊಳ್ಳೆಯ ಹಿಂದೆ ಬೀಳಲಿಲ್ಲ. ವೈರಸ್ಸನ್ನು ಬೇರ್ಪಡಿಸಿ ನೋಡಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಜೀವಿಗಳಿಂದ) ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾಗಿತ್ತು. ಹಾಗಾದರೆ ಇಲ್ಲಿಯೂ ಉಣುಗುಗಳನ್ನೇ ನೋಡಬೇಕಲ್ಲ ಎಂದು ಹುಡುಕಿದಾಗ ಅವುಗಳಲ್ಲೂ ವೈರಸ್ ಸಿಕ್ಕಿತು.

ಈಗ ನಿಮ್ಮ ಸಿಲಬಸ್ಸಿಗೆ ಬನ್ನಿ. ಸೋಲುವ ಅವಕಾಶವನ್ನು ಒಳಗಿಟ್ಟುಕೊಂಡ ಊಹೆಯೇ ವೈಜ್ಞಾನಿಕ ಊಹೆ ಎಂದು ತತ್ವಜ್ಞಾನಿ ಕಾರ್ಲ್ ಪಾಪರ್ ಹೇಳಿದ್ದು ಇಂಥದ್ದನ್ನೇ. ಹಳದಿ ಜ್ವರದ ಊಹೆ ಸೋತಿತು, ಸೋತಿದ್ದಕ್ಕೇ ಉಣುಗಿನ ದಾರಿ ಕಾಣಿಸಿತು. ಇನ್ನೊಂದು ನೋಡಿ. ಈ ಕಾಯಿಲೆ ಬೇಸಿಗೆಯಲ್ಲಿ ಜಾಸ್ತಿ. ಹಾಗಂತ ಬಿಸಿಲು ಕಾರಣವಲ್ಲ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಮರಿ ಉಣುಗುಗಳು ಜಾಸ್ತಿ ಓಡಾಡುತ್ತವೆ, ಜನರೂ ತರಗೆಲೆಗೆ, ಸೌದೆಗೆ ಕಾಡಿಗೆ ಹೋಗುವುದು ಆಗಲೇ. ಕೋರಿಲೇಶನ್ (ಎರಡು ಸಂಗತಿ ಒಟ್ಟೊಟ್ಟಿಗೆ ಕಾಣುವುದು) ಬೇರೆ, ಕಾರಣ ಬೇರೆ ಎಂದು ಪುಸ್ತಕದಲ್ಲಿ ಒಂದೇ ಸಾಲು ಇರುತ್ತದೆ. ಮಲೆನಾಡಿನಲ್ಲಿ ಆ ಸಾಲು ಜೀವ ಉಳಿಸುವ ವಿಷಯ.

ಎಪಿಸ್ಟೆಮಾಲಜಿ ಎಂದರೆ "ಇದು ನಿಮಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ, ಅಷ್ಟೇ. ಇದು ಪಶ್ಚಿಮದಿಂದ ಬಂದ ಸರಕು ಎಂದುಕೊಳ್ಳಬೇಡಿ. ನಮ್ಮಲ್ಲಿ ಪ್ರಮಾಣಗಳ, ಅಂದರೆ ತಿಳಿವಳಿಕೆ ಪಡೆಯುವ ದಾರಿಗಳ, ಹೆಸರಿನಲ್ಲಿ ಶತಮಾನಗಟ್ಟಲೆ ಜಗಳ ನಡೆದಿದೆ. ಚಾರ್ವಾಕರು ಪ್ರತ್ಯಕ್ಷ (ನೇರವಾಗಿ ಕಂಡದ್ದು) ಒಂದನ್ನೇ ಒಪ್ಪಿದರು. ಬೌದ್ಧ ತಾರ್ಕಿಕರು ಅನುಮಾನವನ್ನೂ ಸೇರಿಸಿದರು; ಇಲ್ಲಿ ಅನುಮಾನ ಎಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು. ಉಡುಪಿಯ ಮಧ್ವಾಚಾರ್ಯರಿಗೆ ಪ್ರಮಾಣ ಮೂರು, ನ್ಯಾಯ ದರ್ಶನದವರಿಗೆ ನಾಲ್ಕು. ಕ್ಯಾಸನೂರಿನ ಕಥೆಯನ್ನು ಹೀಗೂ ಓದಬಹುದು: ಸತ್ತ ಮಂಗ ಪ್ರತ್ಯಕ್ಷ, ಉಣುಗು ಇರಬೇಕು ಎಂಬುದು ಅನುಮಾನ, ರಷ್ಯಾದ ವೈರಸ್ಸಿನ ಬಗ್ಗೆ ಮೊದಲೇ ಕೆಲಸ ಮಾಡಿದವರು ಬರೆದಿಟ್ಟಿದ್ದು ಶಬ್ದ, ಅಂದರೆ ನಂಬಬಹುದಾದವರ ಮಾತು. ನೀವು ಬರೆಯಲಿರುವ ಲಿಟರೇಚರ್ ರಿವ್ಯೂ (ಹಿಂದಿನವರ ಸಂಶೋಧನೆಗಳ ಪರಿಶೀಲನೆ) ಪೂರ್ತಿ ಶಬ್ದ ಪ್ರಮಾಣ. ಅದಕ್ಕೇ ಯಾರ ಮಾತನ್ನು ನಂಬುತ್ತೀರಿ, ಯಾಕೆ ನಂಬುತ್ತೀರಿ ಎಂಬ ಪ್ರಶ್ನೆ ಅಲ್ಲಿ ಅಷ್ಟು ಮುಖ್ಯ.

ನನಗೆ ತುಂಬಾ ಇಷ್ಟವಾದ ಉದಾಹರಣೆ 8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನದು. ಮಾಂಸ ಸುಡಲು ಈಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ಮಾಂಸದ ವಾಸನೆಗೆ ನೊಣಗಳು ದಟ್ಟವಾಗಿ ಮುತ್ತಿವೆ. ದೂರದಿಂದ ನೋಡಿದವನು ಅದನ್ನು ಹೊಗೆ ಎಂದುಕೊಂಡು ಅಲ್ಲಿ ಬೆಂಕಿ ಇದೆ ಎನ್ನುತ್ತಾನೆ. ಬೆಂಕಿ ನಿಜವಾಗಿಯೂ ಇದೆ. ಅವನಿಗೆ ಅದು ಗೊತ್ತಿತ್ತು ಎನ್ನಬಹುದಾ? 1963ರಲ್ಲಿ ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟಿಯರ್ ಮೂರೇ ಪುಟದ ಲೇಖನದಲ್ಲಿ ಎತ್ತಿದ್ದೂ ಇಂಥದೇ ತೊಡಕನ್ನು. ಉತ್ತರ ಸರಿ ಬಂದರೆ ಸಾಲದು, ಅದಕ್ಕೆ ತಲುಪಿದ ದಾರಿಯೂ ಸರಿಯಿರಬೇಕು. ವೈವಾದಲ್ಲಿ ಎಗ್ಸಾಮಿನರ್ ನಿಮ್ಮ ಡಿಸರ್ಟೇಶನ್ನಿನ ಮೆಥಡಾಲಜಿ ಅಧ್ಯಾಯ ಹಿಡಿದುಕೊಂಡು ಕೂರುವುದು ಇದಕ್ಕೇ.

ಇನ್ನು ಸರ್ವೆ. ಸಮಾಜಶಾಸ್ತ್ರದವರಿಗೆ ನಿಜವಾದ ಕಷ್ಟ ಇಲ್ಲಿದೆ. ಉಣುಗು ಕಚ್ಚದಿರಲಿ ಎಂದು ಕಾಡಿಗೆ ಹೋಗುವಾಗ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಎಣ್ಣೆ ಕೊಡುತ್ತದೆ. ಎಷ್ಟು ಜನ ಹಚ್ಚಿಕೊಳ್ಳುತ್ತಾರೆ ಎಂದು ಎಣಿಸಲು ಸರ್ವೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಚ್ಚಿಕೊಳ್ಳದವರು ಯಾಕೆ ಹಚ್ಚಿಕೊಳ್ಳುವುದಿಲ್ಲ? ಅದರ ವಾಸನೆಯಾ, ಬಿಸಿಲಲ್ಲಿ ಉರಿಯುವ ಮೈಯಾ, ಸರ್ಕಾರದವರು ಕೊಟ್ಟಿದ್ದರ ಬಗ್ಗೆ ಅಪನಂಬಿಕೆಯಾ? ನೀವು ಕೂತಲ್ಲೇ ನಾಲ್ಕು ಆಪ್ಶನ್ ಬರೆದು ಟಿಕ್ ಹಾಕಿಸಿದರೆ ನಿಮಗೆ ಮೊದಲೇ ಹೊಳೆದ ನಾಲ್ಕು ಕಾರಣ ಮಾತ್ರ ವಾಪಸ್ ಸಿಗುತ್ತವೆ, ಐದನೆಯದು ಅವರ ಬಾಯಲ್ಲೇ ಉಳಿದುಹೋಗುತ್ತದೆ. ಅದು ಬೇಕಿದ್ದರೆ ಜಗುಲಿಯಲ್ಲಿ ಕೂತು ಮಾತಾಡಬೇಕು, ಕಾಡಿಗೆ ಜೊತೆಯಲ್ಲಿ ಹೋಗಬೇಕು. ಉಣುಗಿನಲ್ಲಿ ವೈರಸ್ ಇದೆಯೋ ಇಲ್ಲವೋ ಎಂಬುದು ಯಾರ ಅಭಿಪ್ರಾಯದ ಮೇಲೂ ನಿಂತಿಲ್ಲ. ಅಪನಂಬಿಕೆ ಹಾಗಲ್ಲ, ಅದು ಇರುವುದೇ ಜನರ ನಡುವೆ. ಯಾವುದು ಹೇಗೆ ಇರುತ್ತದೆ ಎಂಬ ಈ ಪ್ರಶ್ನೆಯೇ ಆಂಟಾಲಜಿ. ಪಾಸಿಟಿವಿಸಂ (ಸಮಾಜವನ್ನೂ ನಿಸರ್ಗದಂತೆ ಹೊರಗಿನಿಂದ ನೋಡಿ, ಅಳೆದು ತಿಳಿಯಬಹುದು ಎನ್ನುವುದು), ಇಂಟರ್‌ಪ್ರಿಟಿವಿಸಂ (ಜನ ಕೊಡುವ ಅರ್ಥವನ್ನು ಹಿಡಿದೇ ತಿಳಿಯಬೇಕು ಎನ್ನುವುದು) ಜಗಳವೆಲ್ಲ ಇದರಿಂದಲೇ ಹುಟ್ಟಿದ್ದು. ನನ್ನ ಮಟ್ಟಿಗೆ ಎರಡರಲ್ಲಿ ಒಂದು ಪಕ್ಷ ಸೇರಬೇಕಿಲ್ಲ, ನಿಮ್ಮ ಪ್ರಶ್ನೆ ಯಾವ ಬಗೆಯದು ಎಂದು ನೋಡಿದರೆ ಸಾಕು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ವಿಷಯ ನಿಮ್ಮ ಟೀಚರ್ ಹೇಳಿರಬಹುದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು, ಬರವಣಿಗೆಯಲ್ಲಿ ಅದನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಆಫೀಸಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಅವರು ಬಹುಪಾಲು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. 1976ರಲ್ಲಿ ಅದು ಹೊರಬಂತು. ಈಗ ನೀವೇ ಹೇಳಿ, ನೆನಪಿನಿಂದ ಬರೆದದ್ದು ಜ್ಞಾನವಾ? ಯಾವ ಭಾಗವನ್ನು ಹೆಚ್ಚು ನಂಬುತ್ತೀರಿ, ಯಾವುದನ್ನು ಕಡಿಮೆ? ಕ್ಲಾಸಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಎಪಿಸ್ಟೆಮಾಲಜಿ ಎಂಬ ಪದ ಬಳಸದೆಯೇ ಒಂದು ಗಂಟೆ ಅದರ ಬಗ್ಗೆಯೇ ಮಾತಾಡುತ್ತೀರಿ.

ಪರೀಕ್ಷೆಗೆ ವ್ಯಾಖ್ಯಾನಗಳು ಬೇಕೇ ಬೇಕು, ಅವನ್ನು ಕೊನೆಯ ವಾರ ಓದಿಕೊಳ್ಳಿ. ಈಗ ನಿಮಗೆ ಇಷ್ಟವಾದ ಒಂದೇ ಒಂದು ಲೇಖನ ಪ್ರಿಂಟ್ ತೆಗೆದುಕೊಳ್ಳಿ. ಲೇಖಕರು ಏನನ್ನಾದರೂ ಖಚಿತವಾಗಿ ಹೇಳಿದ ಕಡೆಯಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ಇದು ಅವರಿಗೆ ಹೇಗೆ ಗೊತ್ತಾಯಿತು? ನೋಡಿದರಾ, ಎಣಿಸಿದರಾ, ಕೇಳಿದರಾ, ಊಹಿಸಿದರಾ, ಇನ್ನೊಬ್ಬರು ಹೇಳಿದ್ದನ್ನು ನಂಬಿದರಾ? ಏನೂ ಬರೆಯಲಾಗದ ಸಾಲುಗಳು ಸಿಕ್ಕರೆ ಅಡಿಗೆರೆ ಹಾಕಿಡಿ. ನಿಮ್ಮ ಡಿಸರ್ಟೇಶನ್ ವಿಷಯವನ್ನು ಅಲ್ಲಿಂದಲೇ ಹುಡುಕಬಹುದು.