ಓದುಗರ ಪ್ರಶ್ನೆ: ವಿಳಾಸವಿಲ್ಲದ ಅಂಗಡಿಗೆ ಹಣ ಕೊಟ್ಟ ಮೇಲೆ

ಪ್ರಶ್ನೆ: ಮಗಳ ಸೀಮಂತಕ್ಕೆಂದು ಸಾಮಾಜಿಕ ಜಾಲತಾಣದಲ್ಲಿ ಕಂಡ ಜಾಹೀರಾತನ್ನು ನಂಬಿ, ಇಳಕಲ್ ಸೀರೆಯೊಂದಕ್ಕೆ 2,400 ರೂಪಾಯಿಯನ್ನು ಯುಪಿಐ ಮೂಲಕ ಮುಂಗಡವಾಗಿ ಕಳುಹಿಸಿದೆ. ಹನ್ನೆರಡು ದಿನಗಳ ನಂತರ ಬಂದದ್ದು ಅದೇ ಸೆರಗನ್ನು ಅಚ್ಚು ಹಾಕಿದ ಪಾಲಿಯೆಸ್ಟರ್ ಸೀರೆ. ವಿಚಾರಿಸಿದರೆ, ಆಫರಿನಲ್ಲಿ ಕೊಂಡದ್ದನ್ನು ವಾಪಸ್ ಪಡೆಯುವುದಿಲ್ಲವೆಂದು ಹೇಳಿ ನನ್ನ ನಂಬರನ್ನು ಬ್ಲಾಕ್ ಮಾಡಿದರು. ಬಿಲ್ಲನ್ನೂ ಕೊಟ್ಟಿಲ್ಲ. ಹಣ ಮರಳಿ ಬರುವ ದಾರಿ ಇದೆಯೇ?
— ಗೃಹಿಣಿ, ತುಮಕೂರು

ಉತ್ತರ: ನೀವು ಕಳುಹಿಸಿದ ಎರಡು ಫೋಟೊಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೂ ಸೆರಗಿನ ಕೆಂಪು ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅದೇ ಆ ನೇಕಾರಿಕೆಯ ಗುರುತು. ನಿಮಗೆ ಬಂದಿರುವ ಸೀರೆಯಲ್ಲಿ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ಎಂಬುದಕ್ಕೆ ಬಣ್ಣ ಬದಲಾದದ್ದು ಬಿಟ್ಟರೆ ಬೇರೆ ಕುರುಹೇ ಇಲ್ಲ. ಹಿಂಬದಿಯಲ್ಲಿ ಅಚ್ಚಿನ ಬಣ್ಣ ಮಸುಕಾಗಿದೆ. ಮಗಳ ಶುಭಕಾರ್ಯಕ್ಕೆ ಕೂಡಿಟ್ಟ ಹಣ ಹೀಗಾಯಿತಲ್ಲ ಎಂದು ನನಗೂ ಸಂಕಟವಾಯಿತು. ಆದರೆ ಕಾನೂನು ನಿಮ್ಮ ಪರವಾಗಿದೆ ಎಂಬುದನ್ನು ಮೊದಲು ತಿಳಿಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಅಂಥದ್ದೇ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ಸರಕನ್ನು ವಾಪಸ್ ಪಡೆಯದೆ ಇರುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೂ ಹೇಳುತ್ತವೆ. ಆಫರ್ ಎಂಬ ಮಾತು ಇದ್ಯಾವುದನ್ನೂ ಅಳಿಸಲಾರದು.

ಸೀರೆ ಬಂದ ಪ್ಲಾಸ್ಟಿಕ್ ಕವರನ್ನು ಎಸೆದಿಲ್ಲ ತಾನೆ? ಅದರ ಮೇಲಿನ ಚೀಟಿಯಲ್ಲಿ ಕಳುಹಿಸಿದವರ ಹೆಸರು, ಊರು, ಕೊರಿಯರ್ ಸಂಖ್ಯೆ ಇರುತ್ತವೆ. ಯುಪಿಐ ರಸೀದಿಯಲ್ಲಿ ಹಣ ಪಡೆದವರ ಹೆಸರೂ ವಹಿವಾಟಿನ ಸಂಖ್ಯೆಯೂ ಇರುತ್ತವೆ. ಇವುಗಳ ಜೊತೆಗೆ ಜಾಹೀರಾತಿನ ಮತ್ತು ಮಾತುಕತೆಯ ಸ್ಕ್ರೀನ್‌ಶಾಟ್‌ಗಳನ್ನು ಒಂದೇ ಕಡೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ನಂಬರನ್ನು ಬ್ಲಾಕ್ ಮಾಡಿರುವುದನ್ನು ನೋಡಿದರೆ ಇದು ವಂಚನೆಯೇ ಇರಬಹುದಾದ್ದರಿಂದ ಸೈಬರ್ ಅಪರಾಧ ಸಹಾಯವಾಣಿ 1930ರಲ್ಲೂ ದೂರು ದಾಖಲಿಸಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವರು ಎಲ್ಲಿಯವರೇ ಆಗಿರಲಿ, ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ನೋಟಿಸ್ ತಲುಪಿಸಲು ವಿಳಾಸವೇ ಇಲ್ಲದಿದ್ದರೆ ಇಷ್ಟೆಲ್ಲ ಹಕ್ಕುಗಳಿದ್ದೂ ನಿಮ್ಮ ಕೈ ಕಟ್ಟಿದಂತಾಗುತ್ತದೆ. ಹಾಗಾಗಿ ಇನ್ನು ಮುಂದೆ ಬೆಲೆಯನ್ನು ನೋಡುವ ಮೊದಲು ಆ ಪುಟದ ತಳಕ್ಕೆ ಹೋಗಿ ಸಂಸ್ಥೆಯ ಹೆಸರು, ಪೂರ್ಣ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವಿದೆಯೇ ಎಂದು ಹುಡುಕಿ. ಇವುಗಳನ್ನು ಪ್ರಕಟಿಸುವುದು ನಿಯಮದ ಪ್ರಕಾರ ಕಡ್ಡಾಯ. ಕೈಮಗ್ಗದ ಸೀರೆಯಾದರೆ ಒಡಲು ಮತ್ತು ಸೆರಗು ಕೂಡುವ ಜಾಗದ ಹಿಂಬದಿಯ ಫೋಟೊ ಕಳುಹಿಸಿ ಎಂದು ಕೇಳಿ. ಸೀರೆ ನಿಜವಾಗಿಯೂ ಕೈಯಲ್ಲಿರುವವರಿಗೆ ಅದು ಎರಡು ನಿಮಿಷದ ಕೆಲಸ.

ಪ್ರಶ್ನೆ: ಫ್ರಿಜ್ ಬರುವುದು ತಡವಾಯಿತೆಂದು ಅಂತರ್ಜಾಲದಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಕರೆ ಮಾಡಿದೆ. ಒಂದು ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಪಾವತಿಸಿ ಎಂದರು. ಆಮೇಲೆ ಖಾತೆಯಿಂದ 18,000 ರೂಪಾಯಿ ಹೋಯಿತು. ಬ್ಯಾಂಕ್ ಹೊಣೆಯಲ್ಲವೇ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಗುರುಗಳೇ, ಆ ಆ್ಯಪ್ ನಿಮ್ಮ ಫೋನಿನ ಪರದೆಯನ್ನು ಅವರಿಗೆ ತೋರಿಸುತ್ತಿತ್ತು, ಹತ್ತು ರೂಪಾಯಿಗೆಂದು ನೀವು ಒತ್ತಿದ ಅಂಕಿಗಳನ್ನು ಅವರು ಕಣ್ಣಾರೆ ಕಂಡರು. ಗ್ರಾಹಕರೇ ಗುಪ್ತ ಮಾಹಿತಿಯನ್ನು ತಿಳಿಸಿದಂತಾದಾಗ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದ್ದು ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿತ್ತು. ಆದ್ದರಿಂದ ನೀವು ಬ್ಯಾಂಕಿಗೆ ಯಾವಾಗ ತಿಳಿಸಿದಿರಿ ಎಂಬುದೇ ಇಲ್ಲಿ ಮುಖ್ಯ; ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಿ. ಇನ್ನೂ 1930ಕ್ಕೆ ಹೇಳಿಲ್ಲವಾದರೆ ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಕರೆ ಮಾಡಿ. ವಂಚಕರು ಬೇರೊಂದು ಖಾತೆಗೆ ದಾಟಿಸುವ ಮುನ್ನ ಹಣವನ್ನು ತಡೆಹಿಡಿಸುವುದೇ ಆ ಸಹಾಯವಾಣಿಯ ಕೆಲಸ. ಸಹಾಯವಾಣಿಯ ನಂಬರನ್ನು ಹುಡುಕಾಟದ ಫಲಿತಾಂಶದಿಂದ ತೆಗೆದುಕೊಳ್ಳಬೇಡಿ, ಬಿಲ್ಲಿನಿಂದಲೋ ನೀವು ಆರ್ಡರ್ ಮಾಡಿದ ಆ್ಯಪಿನ ಒಳಗಿನಿಂದಲೋ ತೆಗೆದುಕೊಳ್ಳಿ. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಾಗುವುದಿಲ್ಲ. ಮೋಸ ಹೋದೆನೆಂದು ನಾಚಿಕೊಂಡು ಮನೆಯವರಿಂದ ಮುಚ್ಚಿಡಬೇಡಿ. ತಪ್ಪು ಮೋಸ ಮಾಡಿದವರದ್ದು.

ಪ್ರಶ್ನೆ: ಒಳ್ಳೆಯ ಗ್ರಾಹಕ ಸೇವೆ ಎಂದರೆ ನಯವಾಗಿ ಮಾತನಾಡುವುದಷ್ಟೇ ಆಗಿಬಿಟ್ಟಿದೆ. ಅದನ್ನು ಅಳೆಯುವುದು ಹೇಗೆ?
— ಬಿ.ಕಾಂ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕಳೆದ ವರ್ಷ ನಾನು ತರಿಸಿದ ಮಿಕ್ಸಿಯ ಚಟ್ನಿ ಜಾರ್ ಬಿರುಕು ಬಿಟ್ಟಿತ್ತು. ಮೂರು ಬಾರಿ ಕರೆ ಮಾಡಿದೆ; ಮೂರು ಬಾರಿಯೂ ಬಹಳ ವಿನಯದಿಂದ ಕ್ಷಮೆ ಕೇಳಿದರು, ಮೂರು ಬಾರಿಯೂ ಮರುದಿನ "ನಿಮ್ಮ ದೂರು ಇತ್ಯರ್ಥವಾಗಿದೆ" ಎಂಬ ಸಂದೇಶ ಬಂತು, ಜಾರ್ ಮಾತ್ರ ಬರಲಿಲ್ಲ. ಕೊನೆಗೆ ಕುಂದುಕೊರತೆ ಅಧಿಕಾರಿಗೆ ಫೋಟೊ ಸಹಿತ ಬರೆದೆ. ಅಲ್ಲಿಂದ ಬಂದ ಪತ್ರದಲ್ಲಿ ಕ್ಷಮೆಯ ಮಾತು ಒಂದೇ ಸಾಲು. ಉಳಿದದ್ದು ದೂರಿನ ಸಂಖ್ಯೆ, ಹೊಸ ಜಾರ್ ಬರುವ ದಿನ, ಹಳೆಯದನ್ನು ಯಾರಿಗೆ ಕೊಡಬೇಕೆಂಬ ವಿವರ. ಹೇಳಿದ ದಿನವೇ ಜಾರ್ ಬಂತು. ನನ್ನ ದೃಷ್ಟಿಯಲ್ಲಿ ಸೇವೆ ಎಂದರೆ ಆ ಎರಡನೆಯದು: ಒಬ್ಬರು ಹೊಣೆ ಹೊತ್ತು, ದಿನ ಹೇಳಿ, ಆ ದಿನಕ್ಕೆ ನಿಲ್ಲುವುದು. ನಿಯಮವೂ ಇದಕ್ಕೆ ಗಡುವು ಹಾಕಿದೆ; ದೂರು ಬಂದಿದೆಯೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನೀವು ಮುಂದೆ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವರಾದರೆ, ಗ್ರಾಹಕರು ಒಪ್ಪುವ ಮೊದಲೇ ದೂರನ್ನು ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಕಲಿಯಬೇಡಿ.

ಪ್ರಶ್ನೆ: ಸಾಮಾನು ಬಂದ ಮೇಲೆ ಹಣ ಕೊಡುವುದು ಪೂರ್ತಿ ಸುರಕ್ಷಿತವೇ?
— ಓದುಗರು, ಕಾರವಾರ

ಉತ್ತರ: ಹೊಸ ಅಂಗಡಿಯಾದರೆ ಅದೇ ಮೇಲು, ಪೂರ್ತಿ ಸುರಕ್ಷಿತವಲ್ಲ. ಸಾಮಾನ್ಯವಾಗಿ ಹಣ ಕೊಡುವ ಮೊದಲು ಪೊಟ್ಟಣ ಬಿಚ್ಚಲು ಬಿಡುವುದಿಲ್ಲ. ಆದ್ದರಿಂದ ಚೀಟಿ ಕಾಣುವಂತೆ, ಅಂಟುಪಟ್ಟಿ ಕತ್ತರಿಸುವಲ್ಲಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳಿ. ಮನೆಯಲ್ಲಿ ಹಿರಿಯರಷ್ಟೇ ಇರುವಾಗ ಯಾರೂ ತರಿಸದ ಪೊಟ್ಟಣವನ್ನು ಬಾಗಿಲಿಗೆ ತಂದು ಹಣ ಕೇಳುವವರೂ ಇದ್ದಾರೆ. ಮಕ್ಕಳಿಗೆ ಫೋನ್ ಮಾಡಿ ಕೇಳುವವರೆಗೆ ಹಣವನ್ನೂ ಕೊಡಬಾರದು, ಒಟಿಪಿಯನ್ನೂ ಹೇಳಬಾರದು ಎಂದು ಅವರಿಗೆ ಮೊದಲೇ ತಿಳಿಸಿಡಿ.