"ಬಂದೂಕಿನ ಮನಿ" ಅಂತ ಹೆಸರಾದ ಮನಿ: ಒಂದು ಆಪ್ತಸಲಹೆ ಪ್ರಕರಣ

ಹೆಸರು ಊರು ಬದಲಿ ಮಾಡೀನಿ, ಮನಿ ವಿವರಾನೂ ಅಷ್ಟಿಷ್ಟು ತಿರುವೀನಿ, ಅವರನ್ನ ಕೇಳಿ ಒಪ್ಪಿಗಿ ತಗೊಂಡ ಬರದದ್ದು ಇದು. ಗಿರಿಜಕ್ಕ ಅಂತ ಕರಿಯೂಣು. ನಲವತ್ತು ದಾಟ್ಯಾವ, ಹಾವೇರಿ ಜಿಲ್ಲಾದವರು, ಗಂಡಂದು ಗೋವಿನಜೋಳ ಮತ್ತ ಹತ್ತಿ ದಲಾಲಿ ಅಂಗಡಿ. ಗಂಡ ಹಾರ್ಟ್ ಅಟ್ಯಾಕ್ ಆಗಿ ಹೋದ ಮ್ಯಾಲ ಇನ್ನೇನು ಅಂಗಡಿ ಮುಚ್ಚತಾರ ಅಂತ ಎಪಿಎಂಸಿ ಮಂದಿ ಅನ್ಕೊಂಡಿದ್ರ ಇವರು ಸೀದಾ ಹೋಗಿ ಗಾದಿ ಮ್ಯಾಲ ಕುಂತ್ರು. ಮಗಳು ಹುಬ್ಬಳ್ಳ್ಯಾಗ ಕೆಲಸಕ್ಕ ಹೊಂಟಾಳ, ಮಗ ಕಾಲೇಜು ಹಾಸ್ಟೆಲ್ಲು, ಮನ್ಯಾಗ ಇರೂದು ಇವರು ಮತ್ತ ವಯಸ್ಸಾದ ಅತ್ತಿ ಇಬ್ಬರ, ಮನೀನೂ ಊರ ಹೊರಗ ಹೊಲದಾಗ.

ನನ್ನ ಕಡೆ ಬಂದದ್ದು ನಿದ್ದಿ ಬರವಲ್ತು ಅಂತ. ಅಂಗಡಿ, ಮಗಳ ಮದುವಿ, ಅತ್ತಿ ಬಿಪಿ ಎಲ್ಲಾ ಮಾತಾಡಿದ ಮ್ಯಾಲ ಬಾಗಲಾ ಹಾಕೈತಿಲ್ಲೋ ಅಂತ ಒಮ್ಮೆ ಹೊಳ್ಳಿ ನೋಡಿ, ದನಿ ಸಣ್ಣ ಮಾಡಿ, "ಮೇಡಮ್ಮಾರ, ನಮ್ಮ ಮನ್ಯಾಗ ಒಂದ ರಿವಾಲ್ವರ್ ಐತ್ರಿ... ಲೈಸೆನ್ಸ್ ಐತ್ರಿ ಮತ್ತ" ಅಂದ್ರು. ಲೈಸೆನ್ಸ್ ಐತಿ ಅನ್ನೂದನ್ನ ಆಮ್ಯಾಲ ಆ ದಿನ ಎಷ್ಟ ಸಲ ಹೇಳಿದ್ರೋ ಏನೋ, ಕಳುವಿನ ಮಾಲು ಇಟಗೊಂಡವರು ಹೇಳಿದಂಗ.

ನನಗ ಖರೇ ಹೇಳಬೇಕಂದ್ರ ಬಂದೂಕು ಅಂದ್ರ ಸೇರೂದಿಲ್ಲ, ಮನ್ಯಾಗ ಇಟಗೋ ಅಂದ್ರ ನಾ ಇಟಗೊಳ್ಳಂಗಿಲ್ಲ. ಆದ್ರ ಎದುರಿಗೆ ಕುಂತವರ ಪರಿಸ್ಥಿತಿ ನಂದಲ್ಲಲ್ಲ, ವಿದ್ಯಾನಗರದ ಅಪಾರ್ಟ್‌ಮೆಂಟ್‌ನ್ಯಾಗ ಕುಂತು ಹೊಲದಾಗಿನ ಮನಿಯವರಿಗೆ ಹೆದರಬ್ಯಾಡ್ರಿ ಅನ್ನೂದು ಭಾಳ ಸುಲಭ.

ರಿವಾಲ್ವರ್ ಮೊದಲ ಗಂಡಂದು. ಪಾಯಿಂಟ್ 32, ಕಾನ್ಪುರದ ಸರಕಾರಿ ಕಾರ್ಖಾನಿದ್ದು. ಲೈಸೆನ್ಸ್ ಇದ್ದವರು ತೀರಿಕೊಂಡ್ರ ಅದನ್ನ ಮನ್ಯಾಗ ಇಟಗೊಳ್ಳಾಕ ಬರಂಗಿಲ್ಲ, ಠಾಣೆಕ್ಕೋ ಲೈಸೆನ್ಸ್ ಇರೋ ಡೀಲರ್ ಹತ್ರಾನೋ ಜಮಾ ಮಾಡಬೇಕು, ವಾರಸುದಾರರಿಗೆ ಬೇಕಂದ್ರ ಅವರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಇವರೂ ಜಮಾ ಮಾಡಿ ಸುಮ್ನಿದ್ರು. ಒಂದಿನ ಸಂಜಿಮುಂದ ಅಂಗಡಿ ಬಾಗಲಾ ಹಾಕಿ ಸ್ಕೂಟಿ ಮ್ಯಾಲ ರೊಕ್ಕದ ಬ್ಯಾಗ್ ಇಟಗೊಂಡ ಬರೂಮುಂದ ಬೈಕಿನ ಮ್ಯಾಲಿನ ಇಬ್ಬರು ಬ್ಯಾಗಿಗೆ ಕೈ ಹಾಕಿದ್ರು, ಇವರು ಬಿಡಲಿಲ್ಲ, ಬಿದ್ರು, ಮೊಣಕೈ ಮುರೀತು, ಬ್ಯಾಗೂ ಹೋತು. ಆಮ್ಯಾಲ ಡಿಸಿ ಆಫೀಸಿಗೆ ಅರ್ಜಿ ಹಾಕಿದ್ರು. ಡಾಕ್ಟರ್ ಸರ್ಟಿಫಿಕೇಟ್, ಬಂದೂಕು ಹೆಂಗ ಹಿಡೀಬೇಕು ಹೆಂಗ ಇಡಬೇಕು ಅನ್ನೋ ತರಬೇತಿ, ಪೊಲೀಸ್ ವಿಚಾರಣಿ ಎಲ್ಲಾ ಆಗಿ ಲೈಸೆನ್ಸ್ ಬಂತು.

ಆ ಪೊಲೀಸ್ ವಿಚಾರಣಿನ ಊರಿಗೆಲ್ಲಾ ಡಂಗುರಾ ಹೊಡದಂಗ ಆತು. ಠಾಣೆದವರು ನಿಯಮದ ಪ್ರಕಾರ ಅಕ್ಕಪಕ್ಕದವರನ್ನ ಕೇಳೇ ಕೇಳ್ತಾರ, ಈ ಹೆಣಮಗಳು ಹೆಂಗ, ಜಗಳಾ ಪಗಳಾ ಏನರ ಐತೇನು ಅಂತ. ಮರುದಿನದಿಂದ ಮಾತು ಶುರು. ಗಂಡ ಸತ್ತ ಮ್ಯಾಲ ಈಕಿಗೆ ಯಾರನ್ನ ಹೊಡಿಯೂದೈತಿ ಅಂತ ಒಬ್ಬರು, ಗಂಡಸರ ಗಾದಿ ಸಾಲಲಿಲ್ಲ ಈಗ ಪಿಸ್ತೂಲೂ ಬೇಕಾತು ಅಂತ ಇನ್ನೊಬ್ಬರು. ನೆಗೆಣ್ಣಿ ತನ್ನ ಮಕ್ಕಳನ್ನ ಕಳಸೂದ ಬಿಟ್ಲು. ಮಗಳಿಗೆ ಬಂದಿದ್ದ ಗದಗ ಕಡಿ ಸಂಬಂಧ ಇನ್ನೇನು ನಿಶ್ಚೆ ಆಗಬೇಕು ಅನ್ನೂವಾಗ ಹಿಂದ ಸರೀತು, ಯಾಕಂದ್ರ "ಅದು ಬಂದೂಕಿನ ಮನಿ ಅಂತಲ್ರಿ". ಅದ ರಿವಾಲ್ವರ್ ಗಂಡನ ಸೊಂಟದಾಗ ಇದ್ದಾಗ "ಸಾವಕಾರ್ರು" ಅನ್ನತಿದ್ದ ಮಂದಿ ಇವರು. 2014ರಾಗ ಸರಕಾರದ ಕಾರ್ಖಾನಿನ ಹೆಣಮಕ್ಕಳ ಸುರಕ್ಷಾಕ್ಕ ಅಂತ ನಿರ್ಭೀಕ್ ಅನ್ನೋ ರಿವಾಲ್ವರ್ ಹೊರಗ ತಂದಿತ್ತು, ಪೇಪರ್‌ನ್ಯಾಗ ಎಲ್ಲಾ ಬಂದಿತ್ತು, ಓದಿ ಭೇಷ್ ಅಂದವರೂ ಭಾಳ ಮಂದಿ ಇದ್ರು, ಓಣ್ಯಾಗಿನ ಹೆಣಮಗಳು ಖರೇನ ತಗೊಂಡ್ರ ಮಾತ್ರ ಹಿಂಗ.

ಎಲೆಕ್ಷನ್ ಬಂದಾಗ ಇನ್ನೊಂದು ಫಜೀತಿ. ನೀತಿಸಂಹಿತೆ ಬಂತಂದ್ರ ಲೈಸೆನ್ಸ್ ಇದ್ದವರು ತಂದು ಜಮಾ ಮಾಡ್ರಿ ಅಂತ ಆರ್ಡರ್ ಬರತೈತಿ, ಮುಗದ ಮ್ಯಾಲ ವಾಪಸ್ ಕೊಡ್ತಾರ. 2024ರ ಲೋಕಸಭಾ ಎಲೆಕ್ಷನ್ ಮುಂದ ಇವರು ಠಾಣೆಕ್ಕ ಹೋದ್ರ ಅಲ್ಲಿ ಇದ್ದವರೆಲ್ಲಾ ಗಂಡಸರು, ಹೊರಗ ಚಾದಂಗಡಿಯವ ನೋಡಿದ, ಸಂಜಿಗೆ ಊರಾಗ "ಗಿರಿಜಾನ್ನ ಪೊಲೀಸರು ಕರಸ್ಯಾರ" ಅಂತ ಆತು. ಬೆಳಿ ಕಾಯಾಕ ಬಂದೂಕು ಇಟಗೊಂಡ ರೈತರಿಗೂ ಇದ ಆರ್ಡರ್, ರಸೀದಿ ತಗೊಂಡ ಬರೂ ಕೆಲಸ ಅಷ್ಟ, ರೌಡಿ ಪಟ್ಟಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ನಾ ಬಿಡಿಸಿ ಹೇಳಿದಾಗ ಅವರಿಗೆ ಎಷ್ಟೋ ಹಗುರ ಆತು, ಅಲ್ಲೀತನಕಾ ತಾವ ಏನೋ ತಪ್ಪು ಮಾಡೀನಿ ಅಂತ ತಿಳಕೊಂಡಿದ್ರು.

ಈಗ ಅಸಲಿ ಮಾತಿಗೆ ಬರ್ತೀನಿ. ಈಗ ಅದು ಎಲ್ಲೈತ್ರಿ ಅಂತ ಕೇಳಿದೆ. ಮೊದಲ ಮನ್ಯಾಗಿನ ಟ್ರೆಜರಿ (ಕಬ್ಬಿಣದ ಕಪಾಟು) ಲಾಕರ್‌ನ್ಯಾಗ ಇತ್ತಂತ, ಯಾರರ ಬಂದಾಗ ಟ್ರೆಜರಿ ತಗದ್ರ ಕಂಡೀತು ಅಂತ ನಾಚಿಕಿ ಆಗಿ ಅದನ್ನ ಅಡಗಿಮನಿ ಅಟ್ಟದ ಮ್ಯಾಲ ಹಿಟ್ಟಿನ ಡಬ್ಬ್ಯಾಗ ಇಟ್ಟಾರ. ಕೀಲಿ ಇಲ್ಲ. ಗುಂಡೂ ಅದರಾಗ. ಅಲ್ಲಿ ಐತಿ ಅಂತ ಮಗನಿಗೆ ಗೊತ್ತಿಲ್ಲ, ಅತ್ತಿಗೆ ಗೊತ್ತಿಲ್ಲ, ಹಬ್ಬದಾಗ ಅಟ್ಟ ಸ್ವಚ್ಛ ಮಾಡಾಕ ಬರೂ ಆಳಿನ ಹೆಣಮಗಳಿಗಂತೂ ಗೊತ್ತ ಇಲ್ಲ.

ನನಗ ಎದಿ ಝಲ್ ಅಂತು. ಮಂದಿ ಆಡಿಕೊಳ್ಳೂದರ ದೊಡ್ಡ ನಷ್ಟ ಇದ ನೋಡ್ರಿ, ಮನಸ್ಸಿಗೆ ನೋವಾಗತೈತಿ ಅನ್ನೂದು ಒಂದ ಕಡೆ, ಆದ್ರ ನಾಚಿಕಿಯಿಂದ ಬಚ್ಚಿಟ್ಟ ಬಂದೂಕು ಕೀಲಿ ಹಾಕಿಟ್ಟ ಬಂದೂಕಿಗಿಂತ ನೂರು ಪಾಲು ಅಪಾಯ. ಮುಚ್ಚಿಟ್ಟಿದ್ದರ ಬಗ್ಗೆ ಯಾರ ಹತ್ರಾನೂ ಕೇಳಾಕಾಗಂಗಿಲ್ಲ, ಇದನ್ನ ಹೆಂಗ ಇಡೂದು, ಮನಸ್ಸು ಸರಿ ಇಲ್ಲದ ದಿನಾ ಏನ ಮಾಡೂದು ಅಂತ ಮಾತಾಡಾಕ ಒಬ್ಬರೂ ಇರಂಗಿಲ್ಲ.

ಮನಸ್ಸು ಸರಿ ಇಲ್ಲದ ದಿನ ಅಂದ್ನೆಲ್ಲ, ಅದನ್ನ ಸೀದಾ ಕೇಳಿದೆ. ಸಾಯಬೇಕು ಅನಸೈತೇನ್ರಿ ಯಾವಾಗರ? ಇಂಥಾ ಪ್ರಶ್ನಿ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಗತೈತಿ ಅಂತ ಭಾಳ ಮಂದಿ ಹೆದರ್ತಾರ, ಹಂಗೇನಿಲ್ಲ, ಕೇಳಬೇಕು, ಮನ್ಯಾಗ ಬಂದೂಕಿದ್ದವರಿಗಂತೂ ಕೇಳಲೇಬೇಕು. ಯಾಕಂದ್ರ ಆ ವಿಚಾರ ಒಂದ ಗಳಿಗಿ ಬಂದು ಹೋಗುವಂಥಾದ್ದೂ ಇರತೈತಿ, ಆ ಗಳಿಗ್ಯಾಗ ಕೈಗೆ ಏನು ಸಿಗತೈತಿ ಅನ್ನೂದರ ಮ್ಯಾಲ ಜೀವ ನಿಂತಿರತೈತಿ. ಗಿರಿಜಕ್ಕ ಭಾಳ ಹೊತ್ತು ಸುಮ್ನ ಕುಂತು, "ಅವರು ಹೋದ ಹೊಸದಾಗ ಅನಸ್ತಿತ್ರಿ, ಈಗ ಇಲ್ಲ" ಅಂದ್ರು. ಆವಾಗ ರಿವಾಲ್ವರ್ ಠಾಣೆದಾಗ ಜಮಾ ಇತ್ತು. ಪುಣ್ಯಾ.

ನಿದ್ದಿ ಮತ್ತ ಆ ಬೈಕಿನ ಸಪ್ಪಳ ಕೇಳಿದ್ರ ಮೈ ನಡಗೂದು ಎರಡಕ್ಕೂ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಡಾಕ್ಟರಿಗೆ ತೋರಿಸ್ರಿ ಅಂದೆ. ಅದಕ್ಕ ಇನ್ನೊಂದು ಅಂಜಿಕಿ. ನಮ್ಮ ಕಡಿ ಮಂದಿ ಅದನ್ನ ಇನ್ನೂ ಹುಚ್ಚರ ದವಾಖಾನಿ ಅಂತಾರ, ಅಲ್ಲಿಗೆ ಹೋಗಿದ್ದು ಗೊತ್ತಾದ್ರ ಲೈಸೆನ್ಸ್ ಕಸಗೋತಾರೇನ್ರಿ ಅಂತ. ಇದಕ್ಕ ಸುಳ್ಳು ಸಮಾಧಾನ ಹೇಳಲಿಲ್ಲ ನಾ. 1959ರ ಆಯುಧ ಕಾಯ್ದೆ ಪ್ರಕಾರ ಚಿತ್ತಸ್ವಾಸ್ಥ್ಯ ಇಲ್ಲದವರಿಗೆ ಲೈಸೆನ್ಸ್ ಕೊಡಂಗಿಲ್ಲ, ಅದು ಇರಬೇಕಾದ ನಿಯಮಾನ. ಆದ್ರ ದುಃಖ ಆಗಿ ನಿದ್ದಿ ಕೆಟ್ಟವರು ಡಾಕ್ಟರಿಗೆ ತೋರಿಸಿಕೊಂಡ ಮಾತ್ರಕ್ಕ ಅವರು ಹುಚ್ಚರಾಗೂದಿಲ್ಲ, ಫಾರ್ಮಿನ್ಯಾಗ ಕೇಳಿದ್ರ ಇದ್ದದ್ದ ಬರೀರಿ, ಮುಚ್ಚಬ್ಯಾಡ್ರಿ, ಮತ್ತ ಲೈಸೆನ್ಸ್ ಉಳಿಸಾಕ ಹೋಗಿ ಆರೋಗ್ಯ ಕಳಕೋಬ್ಯಾಡ್ರಿ ಅಂದೆ. ಇಲ್ಲಿ ಮಾತಾಡಿದ್ದು ಗುಟ್ಟಾಗಿ ಇರತೈತಿ, ಜೀವಕ್ಕ ಅಪಾಯ ಅನಸಿದ್ರ ಮಾತ್ರ ನಾ ಸುಮ್ನ ಇರಂಗಿಲ್ಲ ಅಂತಾನೂ ಹೇಳಿದೆ. ಒಪ್ಪಿದ್ರು, ಹೋದ್ರು.

ಮುಂದಿನ ಸಲ ಅತ್ತೀನ್ನ ಕರಕೊಂಡ ಬರ್ರಿ ಅಂದೆ. ಆ ಅಜ್ಜಿ ಬಗ್ಗೆ ಬರೀದಿದ್ರ ಈ ಪ್ರಕರಣ ಅರ್ಧಾ ಆಗತೈತಿ. ಎಂಬತ್ತರ ಹತ್ರ ಹತ್ರ, ಕಿವಿ ಮಂದ, ನಾಲಿಗಿ ಚುರುಕು. ತವರುಮನಿ ಮುಧೋಳ ಕಡೆ. ಹಲಗಲಿ ಬೇಡರ ಲಾವಣಿ ಸಣ್ಣಾಕಿದ್ದಾಗಿಂದ ಕೇಳ್ಯಾಳ, 1857ರಾಗ ಕುಂಪಣಿ ಸರಕಾರ ಆಯುಧ ಒಪ್ಪಿಸ್ರಿ ಅಂದಾಗ ಒಪ್ಪಸಲಾರದ ಸತ್ತ ಆ ಊರಿನವರ ಕತಿ ಹೇಳೂಮುಂದ ಅಜ್ಜಿ ಮಾರಿ ಅರಳತೈತಿ. "ಮತ್ತ ಸೊಸಿ ಬಂದೂಕಿಗೆ ಯಾಕ ಬ್ಯಾಡ ಅಂತೀಯವ್ವಾ?" ಅಂದ್ರ, "ಅದು ಗಂಡಮಕ್ಕಳ ಕತಿ ತಂಗಿ, ಇದು ನನ್ನ ಮನಿ" ಅಂದ್ಲು.

ನಾ ತಿಳಕೊಂಡದ್ದು ಅಜ್ಜಿಗೂ ಅದ ಮರ್ಯಾದಿ ಪ್ರಶ್ನಿ, ಹೆಂಗಸರಿಗ್ಯಾಕ ಬಂದೂಕು ಅನ್ನೂದು. ಕೇಳತಾ ಕೇಳತಾ ಹೊರಬಿದ್ದದ್ದು ಬ್ಯಾರೆ. ವಾರಸುದಾರರ ಅರ್ಜಿಗೆ ಉಳದ ವಾರಸುದಾರರ ಒಪ್ಪಿಗಿ ಕೇಳ್ತಾರ, ಸತ್ತವರ ತಾಯಿ ಅಂದ ಮ್ಯಾಲ ಅಜ್ಜೀದೂ ಬೇಕಾತು, ಗಿರಿಜಕ್ಕ ಬ್ಯಾಂಕಿನ ಕಾಗದ ಅಂತ ಹೇಳಿ ಹೆಬ್ಬಟ್ಟು ಒತ್ತಿಸಿಕೊಂಡಾರ. "ನನ್ನ ಮಗನ ಸಾಮಾನು, ನನಗ ಒಂದ ಮಾತು ಹೇಳಬಾರ್ದೇನವಾ?" ಅಜ್ಜಿ ಕಣ್ಣೀರು ಒರಸಿಕೊಂಡ್ಲು. ಅದು ಆದ ಮ್ಯಾಲ ಕೇಳಿದ ಪ್ರಶ್ನಿ ಎಲ್ಲಾ ಯಾವ ಎಸ್ಪಿ ಕೇಳಿದ್ರೂ ಭೇಷ್ ಅನ್ನುವಂಥಾವು. ಕೀಲಿ ಯಾರ ಕೈಯಾಗ, ಮೊಮ್ಮಗ ರಜಾಕ್ಕ ಬಂದ್ರ ಏನ, ರಾತ್ರಿ ನಾ ಎದ್ದು ಓಡಾಡ್ತೀನಿ, ಕತ್ತಲ್ಯಾಗ ನನ್ನ ಕಳ್ಳ ಅಂತ ತಿಳದು ಗುಂಡು ಹೊಡದ್ರ ಏನ?

ಇಲ್ಲಿ ಒಂದು ಮಾತು ಗಿರಿಜಕ್ಕಗ ಖಡಕ್ ಆಗಿ ಹೇಳಿದೆ. ಊರ ಮಂದಿ ಆಡಿಕೊಳ್ಳೂದು ಬ್ಯಾರೆ, ಅತ್ತಿ ಅಂಜಿಕಿ ಬ್ಯಾರೆ, ಎರಡನ್ನೂ ಒಂದ ಗಂಟಿನ್ಯಾಗ ಕಟ್ಟಬ್ಯಾಡ್ರಿ. ಒಂದ ಸೂರಿನ ಕೆಳಗ ಮಲಗೋರಿಗೆ ಕೇಳೂ ಹಕ್ಕೈತಿ, ಉತ್ತರ ಕೊಡೂ ಜವಾಬ್ದಾರಿ ನಿಮ್ದು. ಅವತ್ತ ಅಲ್ಲೇ ಕುಂತು ತೀರ್ಮಾನ ಆತು: ರಿವಾಲ್ವರ್ ಹೊಳ್ಳಿ ಟ್ರೆಜರಿ ಲಾಕರಿಗೆ, ಖಾಲಿ ಮಾಡಿ ಇಡೂದು, ಗುಂಡು ಬ್ಯಾರೆ ಕೀಲಿ ಪೆಟ್ಟಿಗ್ಯಾಗ, ಎರಡೂ ಕೀಲಿ ಗಿರಿಜಕ್ಕನ ಮೈಮ್ಯಾಲ, ಬ್ಯಾರೆ ಯಾರೂ ಮುಟ್ಟಂಗಿಲ್ಲ ಯಾಕಂದ್ರ ಲೈಸೆನ್ಸ್ ಒಬ್ಬರ ಹೆಸರಿಗೆ. ಲಾಕರ್‌ನ್ಯಾಗ ಐತಿ ಅಂತ ಮಕ್ಕಳಿಬ್ಬರಿಗೂ ಹೇಳೂದು. ರಾತ್ರಿ ಸಪ್ಪಳಾದ್ರ ಮೊದಲ ಲೈಟ್ ಹಾಕೂದು, ಅತ್ತೀನ್ನ ಹೆಸರು ಹಿಡದು ಕೂಗೂದು, 112ಕ್ಕ ಫೋನ್ ಮಾಡೂದು. ಮತ್ತ ನಿದ್ದಿ ಪೂರ್ತಿ ಕೆಟ್ರ, ಆ ಹಳೇ ವಿಚಾರ ಒಂದ ಸಲ ತಲ್ಯಾಗ ಬಂದ್ರೂ, ಯಾರನ್ನೂ ಕೇಳಲಾರದ ಡೀಲರ್ ಹತ್ರ ಜಮಾ ಮಾಡಿ ಬರೂದು, ಕಾಯ್ದೆದಾಗ ಅದಕ್ಕ ಅವಕಾಶ ಐತಿ, ಸರಿ ಆದ ಮ್ಯಾಲ ತರಬಹುದು. ರಾತ್ರಿ ಹೊತ್ತಿನ್ಯಾಗ ಮಾತಾಡಾಕ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಅಜ್ಜಿ ಕ್ಯಾಲೆಂಡರ್ ಮ್ಯಾಲ ಬರಸಿಕೊಂಡ್ಲು.

ರಿವಾಲ್ವರ್ ಕೈಯಾಗಿದ್ರ ಧೈರ್ಯ ಅಂತ ಗಿರಿಜಕ್ಕ ಅಂದಾಗ ಸ್ವಲ್ಪ ವಾದಾನೂ ಮಾಡಿದೆ. ಆತ್ಮರಕ್ಷಣೆ ಹಕ್ಕು ಕಾನೂನಿನ್ಯಾಗ ಐತಿ, ಮೊದಲ ಐಪಿಸಿದಾಗ ಇತ್ತು, 2024ರ ಜುಲೈದಿಂದ ಭಾರತೀಯ ನ್ಯಾಯ ಸಂಹಿತೆದಾಗ ಕಲಂ 34ರಿಂದ 44ರ ತನಕ. ಆದ್ರ ಎಷ್ಟು ಬೇಕೋ ಅಷ್ಟ ಬಲ, ಪೊಲೀಸರ ನೆರವು ತಗೊಳ್ಳಾಕ ಟೈಮಿದ್ರ ಆ ಹಕ್ಕಿಲ್ಲ, ಓಡಿಹೋಗೋ ಕಳ್ಳನ ಬೆನ್ನಿಗೆ ಹೊಡದ್ರ ಕೋರ್ಟಿನ್ಯಾಗ ನಿಲ್ಲೋರು ನೀವ. ಆವತ್ತ ಸ್ಕೂಟಿ ಮ್ಯಾಲ ಇದ್ದಾಗ ಸೊಂಟದಾಗ ಇದ್ದಿದ್ರೂ ತಗಿಯಾಕಾಗತಿತ್ತೇನ್ರಿ ಅಂದೆ. ಇಲ್ರಿ, ಎರಡೂ ಕೈ ಹ್ಯಾಂಡಲ್ ಮ್ಯಾಲ ಇದ್ದವು ಅಂದ್ರು. ಹಂಗಾರ ರೊಕ್ಕ ಒಯ್ಯೂದ ಕಡಿಮಿ ಮಾಡ್ರಿ. ಈಗ ರೈತರ ಪಟ್ಟಿ ರೊಕ್ಕ ಆದಷ್ಟು ಬ್ಯಾಂಕಿನ ಮ್ಯಾಲ ಹಾಕ್ತಾರ, ಅಂಗಡಿ ಹಮಾಲನ ಕರಕೊಂಡ ಬೆಳಕಿದ್ದಾಗ ಮನಿಗೆ ಬರ್ತಾರ, ಮನಿ ಸುತ್ತ ಲೈಟು ಕ್ಯಾಮೆರಾ ಹಾಕಿಸ್ಯಾರ. ರಿವಾಲ್ವರ್ ಎಲ್ಲಾದಕ್ಕಿಂತ ಕೊನೀಗೆ.

ಮಂದಿ ಬಾಯಿಗೆ ಏನು ಮಾಡೂದು? ಕೊಡಗಿನ್ಯಾಗ ಕೈಲ್‌ಪೋಳ್ದ್ ಹಬ್ಬಕ್ಕ ಕೋವಿಗೆ ಹೂ ಏರಿಸಿ ಪೂಜಾ ಮಾಡ್ತಾರ, ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತೀನೂ ಐತಿ, ಅಲ್ಲಿ ಯಾರೂ ಯಾರನ್ನೂ ಬಂದೂಕಿನ ಮನಿ ಅನ್ನೂದಿಲ್ಲ. ನಮ್ಮ ಬಯಲಸೀಮ್ಯಾಗ ಆ ರೂಢಿ ಇಲ್ಲ, ತರಬೇಕು ಅಂತಾನೂ ನನಗ ಅನಸೂದಿಲ್ಲ. ನಾ ಹೇಳಿದ್ದಿಷ್ಟ: ಯಾರರ ಕೇಳಿದ್ರ ಒಂದ ಮಾತಿನ್ಯಾಗ ಹೇಳ್ರಿ, ಹೌದು ಐತಿ, ಲೈಸೆನ್ಸ್ ಐತಿ, ಕೀಲಿ ಹಾಕೀನಿ. ಸಮಜಾಯಿಷಿ ಕೊಡಕೋತ ಕುಂಡ್ರಬ್ಯಾಡ್ರಿ, ತೋರಿಸಾಕ ಅಂತೂ ಬ್ಯಾಡ. ಖಂಡೇಪೂಜಿಗೆ ತಕ್ಕಡಿ ಜೋಡಿ ಇಟ್ಟು ಫೋಟೋ ತಗದು ಸ್ಟೇಟಸ್ ಹಾಕೂಣು ಅಂತ ಮಗ ಅಂದಿದ್ನಂತ, ಬ್ಯಾಡ ಅನ್ರಿ ಅಂದೆ. ಗಿರಿಜಕ್ಕನ ತಮ್ಮನ ಮಗ ಮದುವಿ ಮೆರವಣಿಗ್ಯಾಗ "ಒಂದ ಗುಂಡು ಹಾರಿಸು ಅತ್ತಿ" ಅಂತ ಗಂಟುಬಿದ್ದಿದ್ನಂತ, 2019ರ ತಿದ್ದುಪಡಿ ಆದ ಮ್ಯಾಲ ಹಂಗ ಮಂದಿ ಜೀವಕ್ಕ ಕುತ್ತಾಗುವಂಗ ಖುಷಿಗೆ ಹಾರಿಸಿದ್ರ 2 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ, ಲೈಸೆನ್ಸ್ ಹೋಗೂದು ಬ್ಯಾರೆ. ಇಂಥಾ ಮೆರವಣಿಗಿ ಮಂದೀನ ಜವಾಬ್ದಾರಿಯಿಂದ ಇಟಗೊಂಡವರಿಗೂ ಕೆಟ್ಟ ಹೆಸರು ತರೋದು ಅನ್ನೂದು ನನ್ನ ಅಭಿಪ್ರಾಯ.

ಬೀಗರಾಗೋರಿಗೆ ಮಾತ್ರ ಮೊದಲ ಭೇಟಿಯಾಗ ಹೇಳಿಬಿಡ್ರಿ, ಅವರು ಚಾದಂಗಡ್ಯಾಗ ಕೇಳೂದಕ್ಕಿಂತ ನಿಮ್ಮ ಬಾಯಿಂದ ಕೇಳಲಿ, ಬ್ಯಾಡ ಅಂದ್ರ ಅದು ಅವರ ಇಷ್ಟ ಅಂದೆ. ಗದಗದ ಸಂಬಂಧ ಹೊಳ್ಳಿ ಬರಲಿಲ್ಲ. ಈಗ ಒಂದು ಧಾರವಾಡದ ಮನಿ ಜೋಡಿ ಮಾತು ನಡದೈತಿ, ಹುಡುಗನ ಅಪ್ಪ ಕೇಳಿದ್ದು ಒಂದ ಪ್ರಶ್ನಿ ಅಂತ, ಮದುವಿ ದಿನಾ ಅದನ್ನ ಎಲ್ಲಿ ಇಡ್ತೀರಿ? ಲಾಕರ್‌ನ್ಯಾಗರಿ ಅಂದಾರ.

ನೆಗೆಣ್ಣಿ ಇನ್ನೂ ಬರಂಗಿಲ್ಲ. ಕೆದಕಿ ಕೇಳಿದ್ರ ಅಲ್ಲಿ ಇರೂದು ರಿವಾಲ್ವರ್ ಅಲ್ಲ, ಹೊಲದಾಗಿನ ಮನಿ ಪಾಲು, ಅಣ್ಣ ಹೋದ ಮ್ಯಾಲ ಆ ಮನಿ ತಮಗ ಬರಬೇಕು ಅನ್ನೂ ಲೆಕ್ಕ, ಒಬ್ಬಾಕಿ ಹೆಣಮಗಳು ಅಂಜಿ ಬಿಟ್ಟು ಹೊಕ್ಕಾಳ ಅನ್ಕೊಂಡಿದ್ರು. ಅದಕ್ಕ ನನ್ನ ಹತ್ರ ಔಷಧ ಇಲ್ಲ ಅಕ್ಕಾರ, ಪಹಣಿ ತಗೊಂಡು ವಕೀಲರ ಕಡೆ ಹೋಗ್ರಿ ಅಂತ ಹೇಳಿ ಕಳಸೀನಿ.